ಹುಂಜದ ಗರಿ ಬಲ್ಲವಳಿಗೆ ಹಾಜರಿ ಪುಸ್ತಕದಲ್ಲಿ ಕಸಬರಿಗೆ

ಬೆಳಗಿನ ಆರೂಕಾಲು. ಹುಬ್ಬಳ್ಳಿ ಗಣೇಶಪೇಟೆಯ ಕೋಳಿ ಅಂಗಡಿಯೊಂದರ ಮುಂದೆ, ಸೂರ್ಯ ಹುಟ್ಟುವ ಕಡೆಗೆ ಮುಖ ಮಾಡಿ ಹುಲಿಗೆವ್ವ ನಿಂತಿದ್ದಾರೆ. ಎಡಗೈಯಲ್ಲಿ ಜವಾರಿ ಹುಂಜದ ಕುತ್ತಿಗೆಯ ಚರ್ಮ, ಗರಿಗಳ ಸಮೇತ. ಬಲಗೈಯಿಂದ ಒಂದು ಗರಿಯನ್ನು ಬಿಡಿಸಿ ಬೆಳಕಿಗೆ ಹಿಡಿಯುತ್ತಾರೆ. ಬಾಗಿಸುತ್ತಾರೆ. ಎಳೆಗಳು ಸೆಟೆದು ನಿಂತವೇ, ಜೋತುಬಿದ್ದವೇ ಎಂದು ನೋಡುತ್ತಾರೆ. ಕಡೆಗೆ ಅದನ್ನು ಕೆಳತುಟಿಗೆ ಒತ್ತಿಕೊಳ್ಳುತ್ತಾರೆ. ಚುಚ್ಚಿದರೆ ಚೀಲಕ್ಕೆ, ಮೆತ್ತಗಿದ್ದರೆ ವಾಪಸು.

"ಇದು ಬ್ಯಾಡಣ್ಣಾ. ಎಳೇ ಹುಂಜ. ಇನ್ನೊಂದ ಛಳಿಗಾಲ ನೋಡಬೇಕಾಗಿತ್ತು ಇದು."

ಅಂಗಡಿಯ ಹಜರತಅಲಿ ನಗುತ್ತಾರೆ. "ಹತ್ತು ತೋರಿಸಿದ್ರ ಒಂದು ತಗೋತಾರ್ರೀ ನಮ್ಮ ಅಕ್ಕ. ಮಗಳಿಗೆ ವರಾ ನೋಡುವಾಗೂ ಇಷ್ಟು ಆರಿಸಿಲ್ಲ ಇವರು."

ಇಷ್ಟು ಬೇಗ ಏಕೆ ಬರಬೇಕು ಎಂದು ಕೇಳುತ್ತೇನೆ. "ಟ್ಯೂಬ್‌ಲೈಟಿನಾಗ ಬಣ್ಣ ಸುಳ್ಳ ಹೇಳತಾವ್ರಿ. ಮಧ್ಯಾಹ್ನದ ಬಿಸಲಾಗ ಎಲ್ಲಾನೂ ಮಿಂಚತಾವು. ಈಗಿನ ಬೆಳಕ ಒಂದ ಖರೇ ಹೇಳತೈತಿ" ಎನ್ನುತ್ತಾರೆ.

ಈ ಗರಿ ಹೋಗುವುದು ಇಂಗ್ಲೆಂಡಿಗೆ. ಅಲ್ಲಿನ ತಣ್ಣನೆಯ ಹೊಳೆಗಳಲ್ಲಿ ಟ್ರೌಟ್ ಎಂಬ ಮೀನು ನೀರ ಮೇಲೆ ಕೂತ ಹುಳವನ್ನು ಹಿಡಿದು ತಿನ್ನುತ್ತದೆ. ಅದನ್ನು ಗಾಳಕ್ಕೆ ಕೆಡವಲು ಹವ್ಯಾಸಿಗಳು ಸಣ್ಣ ಕೊಕ್ಕೆಗೆ ಗರಿ ಸುತ್ತಿ ಹುಸಿ ಹುಳ ಕಟ್ಟುತ್ತಾರೆ. ಗರಿಯ ಎಳೆ ಗಡುಸಾಗಿದ್ದರೆ ಹುಳ ತೇಲುತ್ತದೆ, ಮೆತ್ತಗಿದ್ದರೆ ನೀರು ಕುಡಿದು ಮುಳುಗುತ್ತದೆ. ಸಂಗತಿ ಇಷ್ಟೇ. ಆದರೆ ಈ ಇಷ್ಟನ್ನು ಬೆರಳಿನಲ್ಲಿ, ತುಟಿಯಲ್ಲಿ ಹಿಡಿದವರು ಹುಬ್ಬಳ್ಳಿ-ಧಾರವಾಡದಲ್ಲಿ ಬೆರಳೆಣಿಕೆಯಷ್ಟು ಜನ. ಅವರಲ್ಲಿ ಮೊದಲಿಗರು ಐವತ್ಮೂರು ವರ್ಷದ ಹುಲಿಗೆವ್ವ. ನಾನು ಇದನ್ನು ಹೊಗಳಿಕೆಗಾಗಿ ಬರೆಯುತ್ತಿಲ್ಲ. ಸಿಟ್ಟಿನಿಂದ ಬರೆಯುತ್ತಿದ್ದೇನೆ.

1990ರಲ್ಲಿ, ಹಮಾಲಿ ಮಾಡುತ್ತಿದ್ದ ಗಂಡ ತೀರಿಕೊಂಡ ವರ್ಷ, ಹುಲಿಗೆವ್ವ ಗೋಕುಲ ರಸ್ತೆಯ ಗರಿ ರಫ್ತಿನ ಶೆಡ್ಡಿಗೆ ಕಸ ಗುಡಿಸಲು ಸೇರಿದರು. ಅಲ್ಲಿ ರೆಹಮತ್‌ಬಿ ಎಂಬ ಹಿರಿಯ ಹೆಂಗಸು ಗರಿ ಆರಿಸುತ್ತಿದ್ದರು. ಹುಲಿಗೆವ್ವ ಕಸದ ಬುಟ್ಟಿಯಿಂದ ಒಂದು ಗರಿ ಎತ್ತಿ, "ಇದು ಛಲೋ ಐತಲ್ಲ, ಯಾಕ ಒಗದಿರಿ?" ಎಂದು ಕೇಳಿದರು. ರೆಹಮತ್‌ಬಿ ಕಸಬರಿಗೆ ಕಸಿದುಕೊಂಡು ಪಕ್ಕಕ್ಕೆ ಕೂರಿಸಿಕೊಂಡರು. ಎರಡನೆಯ ವರ್ಷಕ್ಕೆ ಹುಲಿಗೆವ್ವ ಗರಿ ಆರಿಸುತ್ತಿದ್ದರು, ಐದನೆಯ ವರ್ಷಕ್ಕೆ ಖರೀದಿಯೂ ಅವರದೇ. ರೆಹಮತ್‌ಬಿಗೆ ಕಣ್ಣು ಮಂಜಾದ ಮೇಲೆ ಶೆಡ್ಡಿನ ಇಡೀ ಮಾಲು ಹುಲಿಗೆವ್ವನ ಕೈದಾಟಿಯೇ ಹೋಗುತ್ತಿತ್ತು.

ದಿನಕ್ಕೆ ಇನ್ನೂರು ಕುತ್ತಿಗೆ ನೋಡಿದರೆ ಮೂವತ್ತು ಪಾಸಾಗುತ್ತವೆ. ಮಂಗಳವಾರ ಅಮ್ಮಿನಬಾವಿಯ ಬಸ್ಸು. ಅಲ್ಲಿ ದ್ಯಾಮಣ್ಣನವರ ಹಿತ್ತಲಲ್ಲಿ ಓಡಾಡುವ ಹುಂಜಗಳನ್ನು ನೋಡಿಯೇ "ಇದನ್ನ ದೀಪಾವಳಿ ತನಕ ಮುಟ್ಟಬ್ಯಾಡ್ರಿ, ಹಳೇ ಪುಚ್ಚ ಉದುರಿ ಹೊಸಾವು ಬರಲಿ" ಎಂದು ಹೇಳಿ ಬರುತ್ತಾರೆ. ಫಾರ್ಮಿನ ಬಿಳಿ ಕೋಳಿ ಊರೂರಿಗೆ ಬಂದ ಮೇಲೆ ಜವಾರಿ ಹುಂಜ ಹುಡುಕುವುದೇ ಒಂದು ಕೆಲಸವಾಗಿದೆ. ಅದರಲ್ಲೂ ಬೂದಿ ಬಣ್ಣದ ಹುಂಜ ಬಲು ಅಪರೂಪ. ಹೊರದೇಶದವರು ಹಟ ಹಿಡಿದು ಕೇಳುವುದು ಅದನ್ನೇ.

ಅಲ್ಲೇ ಕೇಡು ಹುಟ್ಟಿದ್ದು. 2001ರ ಬೇಸಿಗೆಯಲ್ಲಿ ಇಂಗ್ಲೆಂಡಿನ ಖರೀದಿದಾರ ಬೂದಿ ಗರಿಯ ದೊಡ್ಡ ಬೇಡಿಕೆ ಕಳಿಸಿದ. ಬಣ್ಣ ಹಚ್ಚಿದ್ದು ಬೇಡ, ಹುಟ್ಟಾ ಬಣ್ಣದ್ದೇ ಬೇಕು ಎಂದು ಬರೆದಿದ್ದ. ಹುಲಿಗೆವ್ವ ಊರೆಲ್ಲ ಅಲೆದು ಒಂದು ಪೆಟ್ಟಿಗೆ ತುಂಬುವಷ್ಟು ತಂದರು. ಉಳಿದ ಪೆಟ್ಟಿಗೆಗಳು ಹೇಗೆ ತುಂಬಿದವೆಂದು ಅವರಿಗೆ ಗೊತ್ತಿರಲಿಲ್ಲ. ಮಾಲೀಕರ ಹಿಂದಿನ ಕೋಣೆಯಲ್ಲಿ, ಬಣ್ಣದ ನೀರಿನಲ್ಲಿ ಅದ್ದಿದ ಬಿಳಿ ಗರಿಗಳು ಒಣಗುತ್ತಿದ್ದವು. ಆ ಕೋಣೆಯ ಬೀಗದ ಕೈ ಮಾಲೀಕರ ಬಳಿಯೇ ಇರುತ್ತಿತ್ತು.

ಮಾಲು ಪೂರಾ ವಾಪಸು ಬಂತು. ಮಾಲೀಕರು ಇಂಗ್ಲೆಂಡಿಗೆ ಪತ್ರ ಬರೆದರು: 'ನಮ್ಮ ಮುಖ್ಯ ಗರಿ ಪರೀಕ್ಷಕಿ ಹುಲಿಗೆವ್ವ ಮಾಡಿದ ತಪ್ಪು.' ಆಗ ಶೆಡ್ಡಿನಲ್ಲಿ ಗುಮಾಸ್ತರಾಗಿದ್ದ ವಿನೋದ ಆ ಪತ್ರ ಟೈಪು ಮಾಡಿದವರು. ಈಗ ಗೋಕುಲ ರಸ್ತೆಯಲ್ಲೇ ಝೆರಾಕ್ಸ್ ಅಂಗಡಿ ಇಟ್ಟಿದ್ದಾರೆ. "ಅವತ್ತ ಬೆಳಿಗ್ಗೇನ ನಾ ಹಾಜರಿ ಪುಸ್ತಕ ಬರದಿದ್ದೆ. ಅದರಾಗ ಅವರ ಹೆಸರಿನ ಮುಂದ 'ಕಸ ಗುಡಿಸುವವಳು' ಅಂತ ಇತ್ತು. ಹನ್ನೊಂದು ವರ್ಷದಿಂದ ಹಂಗ ಇತ್ತು" ಎನ್ನುತ್ತಾರೆ.

ಓದುಗರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಹನ್ನೊಂದು ವರ್ಷ ಮಾಲು ಒಪ್ಪಿಗೆಯಾದಾಗಲೆಲ್ಲ ಆಕೆ ಕಸ ಗುಡಿಸುವವಳು. ಮಾಲು ತಿರಸ್ಕಾರವಾದ ದಿನ ಮಾತ್ರ ಮುಖ್ಯ ಪರೀಕ್ಷಕಿ.

ಪತ್ರ ನಂಬದ ಖರೀದಿದಾರ ತಾನೇ ಹುಬ್ಬಳ್ಳಿಗೆ ಬಂದ. ಅರವತ್ತು ದಾಟಿದ ಮನುಷ್ಯ, ಕೊರಳಲ್ಲಿ ಭೂತಗನ್ನಡಿ. ವಾಪಸು ಬಂದ ಪೆಟ್ಟಿಗೆಗಳನ್ನು ಮೇಜಿನ ಮೇಲೆ ತೆರೆದರು. ಶೆಡ್ಡಿನ ಹೆಂಗಸರೆಲ್ಲ ಗೋಡೆಗೆ ಆತು ನಿಂತಿದ್ದರು. ವಿನೋದ ದುಭಾಷಿ.

"ಹುಲಿಗೆವ್ವಾ, ಇದು ನೀ ಆರಿಸಿದ್ದು. ವಯಸ್ಸಾತು, ಕಣ್ಣ ಸರಿ ಕಾಣೂದಿಲ್ಲ ಅಂತ ಒಪ್ಪಿಕೊಂಡಬಿಡು" ಎಂದರು ಮಾಲೀಕರು.

ಹುಲಿಗೆವ್ವ ಒಂದು ಗರಿ ಎತ್ತಿ ಮಗುಚಿದರು. "ಸಾವ್ಕಾರ್ರ, ಹುಟ್ಟಾ ಬಣ್ಣದ ಗರಿ ಹಿಂದಿನ ಮಗ್ಗಲಾ ಮಾಸಿರತೈತಿ. ಇದು ಎರಡೂ ಮಗ್ಗಲಾ ಒಂದ ನಮೂನಿ ಐತಿ. ದಂಟಿಗೂ ಬಣ್ಣ ಹತ್ತೇತಿ. ಇದು ಹುಂಜದ್ದಲ್ಲ, ಡಬ್ಬಿದು." ಬಿಸಿ ನೀರು, ಸಾಬೂನು, ಒಂದು ಬಿಳಿ ಅರಿವೆ ಕೇಳಿದರು. ಅರಿವೆ ಒದ್ದೆ ಮಾಡಿ ಗರಿಯನ್ನು ನಾಲ್ಕು ಸಲ ಒರೆಸಿದರು. ಅರಿವೆಯ ಮೇಲೆ ಬೂದಿ ಗೆರೆಗಳು ಮೂಡಿದವು.

"ಆಕಿ ತಪ್ಪು ಒಪ್ಪಿಕೊಂಡ್ಲು ಅಂತ ಹೇಳು" ಎಂದು ಮಾಲೀಕರು ವಿನೋದನಿಗೆ ಕನ್ನಡದಲ್ಲೇ ಹೇಳಿದರು. ವಿನೋದ ಹುಲಿಗೆವ್ವ ಆಡಿದ ಮಾತನ್ನೇ, ಒಂದೂ ಬಿಡದೆ, ಇಂಗ್ಲಿಷಿಗೆ ತಂದರು. "ನೌಕರಿ ಹೋದೀತು ಅಂತ ಅಂಜಿಕಿ ಇತ್ತು. ಆದ್ರ ಆ ಅರಿವಿ ಎಲ್ಲಾರ ಕಣ್ಣಮುಂದ ಇತ್ತಲ್ರಿ" ಎಂದು ಈಗ ನೆನೆಯುತ್ತಾರೆ.

ಖರೀದಿದಾರ ತನ್ನ ಚೀಲದಿಂದ ಬೇರೆ ಗರಿಗಳನ್ನು ತೆಗೆದು, ಪೆಟ್ಟಿಗೆಯವನ್ನೂ ಬೆರೆಸಿ, ಅರವತ್ತು ಗರಿಗಳನ್ನು ಮುಂದಿಟ್ಟ. ಹುಲಿಗೆವ್ವ ಅವುಗಳನ್ನು ಬಾಗಿಲಿನ ಬೆಳಕಿಗೆ ಒಯ್ದರು. ಚಹಾ ಕುಡಿದು ಮುಗಿಸುವಷ್ಟು ಹೊತ್ತು. ಹುಟ್ಟಾ ಬಣ್ಣದವು ನಲವತ್ತೊಂದು ಈ ಕಡೆ, ಬಣ್ಣ ಹಚ್ಚಿದವು ಹತ್ತೊಂಬತ್ತು ಆ ಕಡೆ. ಆತ ಭೂತಗನ್ನಡಿ ಹಿಡಿದು ಒಂದೊಂದನ್ನೂ ನೋಡಿದ. ಒಂದೂ ತಪ್ಪಿರಲಿಲ್ಲ. ಎದ್ದು ನಿಂತು ಟೋಪಿ ತೆಗೆದ.

ಇದು ಸಿನಿಮಾ ಆಗಿದ್ದರೆ ಇಲ್ಲಿಗೆ ಮುಗಿಯಬೇಕಿತ್ತು. ಆತ ಸಂಜೆಯ ರೈಲು ಹತ್ತಿದ. ಮರುದಿನ ಬೆಳಿಗ್ಗೆ ಶೆಡ್ಡಿನ ಗೇಟಿನಲ್ಲಿ ಕಾವಲುಗಾರ ಹುಲಿಗೆವ್ವನನ್ನು ತಡೆದ. ಒಳಗೆ ಹೋಗಿ ತಮ್ಮ ಊಟದ ಡಬ್ಬಿ ತಂದುಕೊಳ್ಳಲೂ ಬಿಡಲಿಲ್ಲ. ನಿಜ ಹೇಳಿದ್ದಕ್ಕೆ ಸಿಕ್ಕ ಬಹುಮಾನ ಇದು. ಈ ಊರಿನಲ್ಲಿ ಯಾರೂ ಕೇಳಲಿಲ್ಲ. ಇದೇ ಗೋಕುಲ ರಸ್ತೆಯಲ್ಲಿ ದಿನಾ ಓಡಾಡುವ ನಾನೂ ಕೇಳಲಿಲ್ಲ.

ಮೂರು ತಿಂಗಳು ಹುಲಿಗೆವ್ವ ಮೆಣಸಿನಕಾಯಿ ಅಂಗಡಿಯಲ್ಲಿ ತೊಟ್ಟು ಬಿಡಿಸಿದರು. "ಬೆರಳು ಉರಿತಿದ್ವು, ಅದಕ್ಕೇನಿಲ್ಲ. ಹುಂಜಾ ಕೂಗಿದ್ರ ಸಾಕು, ಯಾ ಬಣ್ಣದ್ದಿರಬೇಕು ಅಂತ ಮನಸ ಅಕಡೆ ಓಡತಿತ್ತು. ಅದು ತ್ರಾಸ ಆತು" ಎನ್ನುತ್ತಾರೆ.

ಆಮೇಲೆ ಇಂಗ್ಲೆಂಡಿನಿಂದ ಶೆಡ್ಡಿಗೆ ಒಂದು ಪತ್ರ ಬಂತು. ಆ ಹೆಂಗಸು ಆರಿಸಿದ ಗರಿಯಾದರೆ ಕೊಳ್ಳುತ್ತೇನೆ, ಇಲ್ಲದಿದ್ದರೆ ಇಲ್ಲ. ಮಾಲೀಕರ ಕಾರು ಹಳೇ ಹುಬ್ಬಳ್ಳಿಯಲ್ಲಿ ಹುಲಿಗೆವ್ವನ ಓಣಿಗೆ ಬಂತು.

"ಆಗಿದ್ದು ಆತು. ನಾಳಿಂದ ಬಾ."

"ಬರತೇನಿ ಸಾವ್ಕಾರ್ರ. ಮೊದಲ ಪುಸ್ತಕದಾಗ ನಾ ಮಾಡೂ ಕೆಲಸ ಬರೀರಿ."

"ಬರದ್ರೇನು, ಬಿಟ್ರೇನು? ನಿನಗ ಓದಾಕ ಬರತೈತೇನು?"

"ನನಗ ಬರೂದಿಲ್ರಿ. ಓದೂ ಮಂದಿ ಅದಾರಲ್ಲ."

ಕಾರು ಹಿಂದಿರುಗಿತು. ಎಂಟು ದಿನ ಯಾರೂ ಬರಲಿಲ್ಲ. ಮನೆಯಲ್ಲಿ ಮಗಳು ಸಹ "ಹಟಾ ಸಾಕವ್ವ" ಎಂದಳು. ಒಂಬತ್ತನೆಯ ದಿನ ಕರೆ ಬಂತು. ಹಳೆಯ ಮಾತು ಹೊಡೆದುಹಾಕಿ 'ಗರಿ ಪರೀಕ್ಷಕಿ' ಎಂದು ಬರೆದದ್ದನ್ನು ವಿನೋದ ಎರಡು ಸಲ ಓದಿ ಹೇಳಿದ ಮೇಲೆಯೇ ಅವರು ಒಳಗೆ ಕಾಲಿಟ್ಟದ್ದು.

ಇದಾಗಿ ಮೂರು ವರ್ಷ. ಆದರೆ ಶೆಡ್ಡಿನಲ್ಲಿ ಅವರೊಂದಿಗೆ ಗರಿ ಆರಿಸುವ ಇನ್ನೂ ಹತ್ತು ಹೆಂಗಸರು ಇಂದಿಗೂ ಪುಸ್ತಕದಲ್ಲಿ ಕಸ ಗುಡಿಸುವವರೇ. ಇದು ಬರೀ ಗೌರವದ ಪ್ರಶ್ನೆಯಲ್ಲ. ಗರಿಯ ದೂಳು, ಹುಳ ಹತ್ತದಂತೆ ಹಾಕುವ ನುಸಿಗುಳಿಗೆಯ ಗಾಳಿ ದಿನವಿಡೀ ಅವರ ಎದೆಗೆ ಇಳಿಯುತ್ತದೆ. ಹದಿನೈದು ವರ್ಷ ಗರಿ ಆರಿಸಿದ ಅಕ್ಕವ್ವ ಕಳೆದ ವರ್ಷದಿಂದ ಉಬ್ಬಸ ಹಿಡಿದು ಮನೆಯಲ್ಲಿ ಕೂತಿದ್ದಾರೆ. ನಾಲ್ಕು ಮಾತಿಗೆ ಒಮ್ಮೆ ಉಸಿರು ನಿಲ್ಲುತ್ತದೆ. ಚಿಕಿತ್ಸೆಯ ಹೊಣೆ ಕೇಳಿದರೆ ಶೆಡ್ಡಿನ ಉತ್ತರ ಸಿದ್ಧವಿದೆ: ಆಕೆ ಗರಿ ಮುಟ್ಟಿದವಳೇ ಅಲ್ಲ, ಪುಸ್ತಕ ನೋಡಿ.

ನಾನು ಮಾಲೀಕರಿಗೆ ಫೋನು ಮಾಡಿದೆ. "ಅದೆಲ್ಲಾ ಆಫೀಸಿನ ಒಳಗಿನ ವಿಷಯ. ಗರಿ ಬಗ್ಗೆ ಬರೀರಿ, ಫೋಟೋ ಬೇಕಾದ್ರ ಕೊಡತೇನಿ" ಎಂದರು. ಶೆಡ್ಡಿನ ಹೆಸರು ಇಲ್ಲಿ ಬರೆಯಬೇಕೆಂದು ಕೈ ತುರಿಸುತ್ತಿತ್ತು. ತಡೆದದ್ದು ಹುಲಿಗೆವ್ವ. "ಹೆಸರ ಬರದ್ರ ಬಾಗಲಾ ಮುಚ್ಚತಾರ್ರಿ. ಹತ್ತು ಮನಿ ಒಲಿ ಉರಿಯೂದು ಅದರಿಂದ. ನಮಗ ಬಾಗಲಾ ಮುಚ್ಚೂದು ಬೇಕಾಗಿಲ್ಲ" ಎಂದರು.

ಹಾಗಾದರೆ ಏನು ಬೇಕು ಎಂದು ಕೇಳಿದೆ. ಅಂದು ಶನಿವಾರ, ಶೆಡ್ಡಿನ ಹೊರಗೆ ಬೇವಿನ ಮರದ ಕೆಳಗೆ ಹೆಂಗಸರು ರೊಟ್ಟಿ ಬಿಚ್ಚಿಕೊಂಡು ಕೂತಿದ್ದರು. ಅವರಲ್ಲಿ ಕಿರಿಯಳಾದ ಅಬೀದಾ ನೀರಿನ ತಂಬಿಗೆ ಮುಂದಿಟ್ಟು, "ಪುಸ್ತಕದಾಗ ನಮ್ಮ ಕೆಲಸಾ ಬರಸಾಕ ಸೋಮವಾರ ನಾವೆಲ್ಲಾ ಲೇಬರ್ ಆಫೀಸಿಗೆ ಹೊಂಟೇವ್ರಿ" ಎಂದಳು. ಬೆಳಿಗ್ಗೆ ಆಫೀಸು ತೆರೆಯುವ ಹೊತ್ತಿಗೆ ಸರಿಯಾಗಿ, ಅಕ್ಕವ್ವನನ್ನು ಆಟೋದಲ್ಲಿ ಕೂರಿಸಿಕೊಂಡು. ಅರ್ಜಿ ಬರೆದುಕೊಟ್ಟವರು ವಿನೋದ.

ಅಲ್ಲಿಯ ಸಾಹೇಬರು ನಂಬದಿದ್ದರೆ, ನೀವು ಗರಿ ಆರಿಸುವವರು ಎನ್ನುವುದಕ್ಕೆ ಪುರಾವೆ ಏನು ಎಂದು ಕೇಳಿದರೆ ಏನು ಮಾಡುತ್ತೀರಿ ಎಂದೆ. ಹುಲಿಗೆವ್ವ ರೊಟ್ಟಿ ಮುರಿಯುತ್ತಾ ಸುತ್ತ ಕೂತವರನ್ನು ಒಮ್ಮೆ ನೋಡಿದರು.

"ಒಂದ ಚೀಲಾ ಪುಚ್ಚ ಒಯ್ಯಾಕತ್ತೇವಿ. ಸಾಹೇಬ್ರ ಮೇಜಿನ ಮ್ಯಾಲ ಸುರೂತೇವಿ. ಯಾರನ ಬೇಕಾದ್ರೂ ಕರದು ಆರಿಸಂತ ಹೇಳಲಿ. ಹತ್ತೂ ಮಂದಿ ತಯಾರದಾರ."