ಬ್ರೇಕ್ ಮುಟ್ಟಿದ್ದು ಯಾರು?

ಕಳೆದ ವಾರ ಹೊನ್ನಾವರದ ಪೇಟೆಯಲ್ಲಿ ಯಾರದೋ ಹಳೇ ಟೆಂಪೋ ನನ್ನ ಪಕ್ಕ ಬಂದು ನಿಂತಿತು. ಹಿಂದಿನ ಚಕ್ರದಿಂದ ಸುಟ್ಟ ಬ್ರೇಕಿನ ನಾತ. ಡ್ರೈವರನಿಗೆ ಹೇಳಿದೆ. ಕಿವಿಗೊಡದೆ ಕೈ ಬೀಸಿ ಹೋದ. ಹೋಗಲಿ, ನಾನಾದರೂ ಹೇಳಿದ್ದು ಕೇಳಿದವನೇ? ಆ ನಾತ ಮೂಗಿಗೆ ಹೊಡೆದರೆ ಮಂಕಿ ಊರಿನ ಗ್ಯಾರೇಜ್ ಮೇಸ್ತ್ರಿ ನೆನಪಾಗುತ್ತಾರೆ... ಅವತ್ತು ಊಟ ಸೇರುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಾನು ಭಟ್ಕಳದಿಂದ ಕುಮಟೆಗೆ ಮೀನು ಸಾಗಿಸುತ್ತಿದ್ದೆ. ಟೆಂಪೋ ಧಣಿಯದು, ಮುದಿ ಗಾಡಿ. ಒಂದು ಬೆಳಿಗ್ಗೆ ಅದು ಮುಂದಕ್ಕೇ ಹೋಗದು, ಯಾರೋ ಹಿಂದಿನಿಂದ ಹಿಡಿದು ಜಗ್ಗಿದ ಹಾಗೆ. ಮಂಕಿಯಲ್ಲಿ ಮೇಸ್ತ್ರಿಯ ಗ್ಯಾರೇಜಿಗೆ ತಿರುಗಿಸಿದೆ. ಅವರು ಮೊದಲು ಪಾನಾ ಹಿಡಿಯಲೇ ಇಲ್ಲ. ನೀರಿಗೆ ಬೆರಳು ಅದ್ದಿ ನಾಲ್ಕೂ ಚಕ್ರದ ಬ್ರೇಕ್ ಡ್ರಮ್ಮಿಗೆ ಚಿಮುಕಿಸಿದರು. ಮೂರು ಸುಮ್ಮನಿದ್ದವು, ಹಿಂದಿನ ಎಡಗಡೆಯದು ಚುರ್ ಎಂದಿತು. ಅದನ್ನು ಜಾಕ್ ಕೊಟ್ಟು ಎತ್ತಿದರೆ ಚಕ್ರ ತಿರುಗದು. ಪೈಪಿನ ಒತ್ತಡ ಇಳಿಯಲೆಂದು ಬ್ರೇಕ್ ಎಣ್ಣೆ ಸ್ವಲ್ಪ ಹೊರಬಿಟ್ಟು ನೋಡಿದರೂ ತಿರುಗದು.

“ಪೈಪಿನ ದೋಷ ಅಲ್ಲ. ಬ್ರೇಕಿನ ಸಿಲಿಂಡರೇ ತುಕ್ಕು ಹಿಡಿದು ಕಚ್ಚಿಕೊಂಡದೆ,” ಎಂದು ತಲೆಯೆತ್ತಿ ನೋಡಿದರು. ಮೀನಿನ ಐಸು ಕರಗಿದ ನೀರು ಹೋಗಲೆಂದು ಟೆಂಪೋದ ತಳಕ್ಕೆ ನಾನೇ ತೂತು ಕೊರೆದಿದ್ದೆ, ಸರಿಯಾಗಿ ಆ ಚಕ್ರದ ಮೇಲೆ.

“ದಿನಾ ಉಪ್ಪುನೀರು ಕುಡಿಸಿದ್ಯಲ್ಲ ಮಾರಾಯಾ! ಇನ್ನೆಂತ ಆಗ್ಬೇಕು?”

ಸದ್ಯಕ್ಕೆ ಬ್ರೇಕ್ ಸಡಿಲಿಸಿ ಚಕ್ರ ತಿರುಗುವ ಹಾಗೆ ಮಾಡಿದರು. ಹೊಸ ಸಿಲಿಂಡರ್ ತರಲು ಹೊನ್ನಾವರಕ್ಕೆ ಹೊರಡುವಾಗ, “ಗಾಡಿ ಅಲ್ಲಾಡಬಾರ್ದು. ಮತ್ತೆ ಕಚ್ಚಿ ಎಣ್ಣೆ ಕುದಿದ್ರೆ ಪೆಡಲ್ ನೆಲಕ್ಕೆ ಹೋಗ್ತದೆ, ಬ್ರೇಕೇ ಹಿಡಿಯೂದಿಲ್ಲ,” ಎಂದರು. ಆತು ಎಂದೆ. ಅವರು ಬಸ್ ಹತ್ತಿದ ಮೇಲೆ ಐಸು ಕರಗುವುದನ್ನು ನೋಡುತ್ತ ಕೂರಲಾಗಲಿಲ್ಲ. ಚಕ್ರ ತಿರುಗುತ್ತದಲ್ಲ, ಇನ್ನೇನು... ಹೊರಟೇಬಿಟ್ಟೆ.

ಕುಮಟೆ ಹತ್ತಿರದ ಇಳಿಜಾರಿನಲ್ಲಿ ಪೆಡಲ್ ನೆಲ ಮುಟ್ಟಿತು. ಟೆಂಪೋ ಮೋರಿಗೆ ಬಡಿಯಿತು. ಹೊನ್ನಾವರದಲ್ಲಿ ಹತ್ತಿಸಿಕೊಂಡಿದ್ದ ಹಮಾಲಿಯ ಕಾಲು ಮುರಿಯಿತು. ಮತ್ತೆ ಆ ಕಾಲು ಸರಿಯಾಗಲೇ ಇಲ್ಲ.

ಧಣಿ ಕೇಳಿದರು, “ಬ್ರೇಕ್ ಮುಟ್ಟಿದ್ದು ಯಾರು?”

“ಮಂಕಿ ಮೇಸ್ತ್ರಿ,” ಎಂದೆ.

ಸುಳ್ಳೇ ಅಲ್ಲ ನೋಡಿ! ಅಷ್ಟು ಹೇಳಿ ಬಾಯಿಗೆ ಬೀಗ ಹಾಕಿಕೊಂಡೆ. ನನ್ನ ಕೆಲಸ ಉಳಿಯಿತು. ಹೇಳದೆ ಗಾಡಿ ಒಯ್ದ ಎಂದು ಮೇಸ್ತ್ರಿ ಹೇಳಿದರಂತೆ. ಕೆಲಸ ಕೆಡಿಸಿದವರೆಲ್ಲ ಹಾಗೇ ಹೇಳುವುದು ಎಂದು ಡ್ರೈವರುಗಳು ನಕ್ಕರು. ಅವರ ನಡುವೆ ಚಾ ಕುಡಿಯುತ್ತ ನಾನೂ ನಿಂತಿದ್ದೆ, ಹೇಡಿ. ಒಂದು ಮಳೆಗಾಲ ಕಳೆಯುವುದರೊಳಗೆ ಆ ಗ್ಯಾರೇಜಿಗೆ ಒಂದು ಗಾಡಿಯೂ ಬಾರದಾಯಿತು. ಮೇಸ್ತ್ರಿ ತೀರಿಕೊಂಡು ಎರಡು ವರ್ಷ. ಕೊನೇ ಸಲ ಮುಖ ನೋಡಲೂ ನಾನು ಹೋಗಲಿಲ್ಲ...

ಮೊನ್ನೆ ಹೋದೆ. ಅವರ ಹೆಂಡತಿ ಜಗಲಿಯಲ್ಲಿ ಕೂತಿದ್ದರು. “ಅಕ್ಕಾ, ಅವತ್ತು ಗಾಡಿ ನಾನೇ ಹೇಳದೆ ಒಯ್ದದ್ದು,” ಎಂದೆ.

“ಗೊತ್ತಿತ್ತು,” ಎಂದರು. “ಅವನೇ ಬಂದು ಹೇಳ್ತಾನೆ ಅಂತ ಇವರು ಕೊನೆವರೆಗೂ ಕಾದ್ರು. ನಾಲ್ಕು ಜನರೆದುರು ಹೇಳ್ಬೇಕಿತ್ತು ತಮ್ಮಾ. ಈಗ ನಂಗೆ ಹೇಳಿ ಎಂತ ಆತು?”