ಸೆಲ್ವಣ್ಣನ ಇಪ್ಪತ್ತು ಹೆಜ್ಜೆ

ಕಾರಿನ ಅಡಿಗೆ ನುಸುಳಿದ ಕೂಡಲೇ ಸೆಲ್ವಣ್ಣ ಮೊದಲು ಕಣ್ಣು ಮುಚ್ಚಿಕೊಳ್ಳುತ್ತಿದ್ದರು. ಆಮೇಲೆ ಎರಡೂ ಕೈ ಮೇಲೆತ್ತಿ ಸೈಲೆನ್ಸರ್ ಪೈಪನ್ನು ಬುಡದಿಂದ ತುದಿಯವರೆಗೆ ಸವರುತ್ತಾ ಬರುತ್ತಿದ್ದರು. ಎಲ್ಲಿ ಬಾಗಿದೆ, ಎಲ್ಲಿ ತುಕ್ಕು ಹಿಡಿದಿದೆ, ಎಲ್ಲಿ ಬೆಸುಗೆ ಸೋತಿದೆ ಎಂಬುದನ್ನೆಲ್ಲ ಬೆರಳೇ ಹೇಳಬೇಕು. ಮೊದಲ ಸಲ ನೋಡಿದಾಗ ಇದೇನೋ ಮೇಸ್ತ್ರಿಯ ಸ್ಟೈಲು ಅಂದುಕೊಂಡೆ. ಸ್ಟೈಲೂ ಅಲ್ಲ, ಮಣ್ಣೂ ಅಲ್ಲ. ಅವರ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಹದಿನೈದು ವರ್ಷದಿಂದ ಕನ್ನಡಕದ ಅಂಗಡಿ ಇಟ್ಟುಕೊಂಡಿರುವ ನನಗೆ ಅದು ಹತ್ತೇ ನಿಮಿಷದಲ್ಲಿ ಗೊತ್ತಾಯಿತು. ನನ್ನ ಕಾರಿನ ಹಿಂಭಾಗ ಚೆಂದ ಕಾಣಬೇಕೆಂದು ಊರೆಲ್ಲ ಹುಡುಕಿ, ಕೊನೆಗೆ ಸರಿಯಾಗಿ ಕಣ್ಣು ಕಾಣದವರ ಶೆಡ್ಡಿಗೆ ಬಂದು ನಿಂತಿದ್ದೆ!

ಆ ಕಾರಿನ ಹುಚ್ಚು ನನಗೆ ನಲವತ್ತು ದಾಟಿದ ಮೇಲೆ ಹತ್ತಿದ್ದು. ಸೆಕೆಂಡ್ ಹ್ಯಾಂಡ್, ಎರಡೇ ಸೀಟು, ಮೆಣಸಿನಕಾಯಿ ಕೆಂಪು. "ಮಕ್ಕಳನ್ನ ಡಿಕ್ಕೀಲಿ ಹಾಕ್ಕೊಂಡು ಹೋಗ್ತೀರಾ?" ಎಂದು ಹೆಂಡತಿ ಕೇಳಿದ್ದಳು. ನಾನು ಅದಕ್ಕೆಲ್ಲ ಬಗ್ಗಲಿಲ್ಲ. ಹಿಂದಿನ ಬಂಪರಿನ ಎರಡು ಮೂಲೆಯಲ್ಲಿ ಅಗಲವಾದ, ಹೊಳೆಯುವ ಎರಡು ಹೊಗೆಬಾಯಿಗಳಿದ್ದವು. ನನಗೆ ಅವೆಂದರೆ ಪ್ರಾಣ. ಬಂದವರಿಗೆಲ್ಲ ಮುಂಭಾಗ ಬಿಟ್ಟು ಹಿಂಭಾಗವನ್ನೇ ತೋರಿಸುತ್ತಿದ್ದೆ. ಒಂದು ಹಬ್ಬದ ದಿನ ನನ್ನ ಭಾವ ಸುಮ್ಮನೆ ಅದರೊಳಗೆ ಕೈ ಹಾಕಿದ. ಕೈ ಎರಡು ಅಂಗುಲ ಹೋಗಿ ನಿಂತಿತು.

"ಏನೋ ಇದು, ಒಳಗೆ ಗೋಡೆ ಇದೆ!"

ಬಗ್ಗಿ ನೋಡಿದರೆ ನಿಜ. ಆ ಬಾಯಿಗಳು ಬರೀ ಪ್ಲಾಸ್ಟಿಕ್ಕಿನ ಡಮ್ಮಿ. ಕಂಪನಿಯವರು ಕೊಟ್ಟಿದ್ದ ಅಸಲಿ ಪೈಪುಗಳು ಬಂಪರಿನ ಹಿಂದೆ ನೆಲ ನೋಡಿಕೊಂಡು, ಹೆಬ್ಬೆರಳು ಗಾತ್ರಕ್ಕಿಂತ ಚೂರು ದಪ್ಪಗೆ, ಮುದುಡಿ ಕೂತಿದ್ದವು. ಮನೆಮಂದಿಯೆಲ್ಲ ಬಿದ್ದು ಬಿದ್ದು ನಕ್ಕರು. ನಾನು ಹೋಳಿಗೆ ಅರ್ಧಕ್ಕೇ ಬಿಟ್ಟು ಎದ್ದೆ. ಅಂದೇ ತೀರ್ಮಾನಿಸಿದೆ, ಅಲ್ಲಿ ನಿಜವಾದ ಬಾಯಿ ಕೂರಿಸಿಯೇ ಸಿದ್ಧ.

ಭದ್ರಾವತಿಯ ಓಲ್ಡ್ ಟೌನಿನಲ್ಲಿ ಸೆಲ್ವಣ್ಣ ಎಂಬ ವೆಲ್ಡರ್ ಇದ್ದಾರೆಂದು ಹೇಳಿದ್ದು ನನ್ನ ಅಂಗಡಿಗೆ ಬಂದ ಒಬ್ಬ ಲಾರಿ ಡ್ರೈವರು. ಸೆಲ್ವಣ್ಣನ ತಂದೆ ಅಲ್ಲಿನ ಉಕ್ಕಿನ ಕಾರ್ಖಾನೆ ಕೆಲಸಕ್ಕೆಂದು ಸೇಲಂ ಕಡೆಯಿಂದ ಬಂದವರು. ಸೆಲ್ವಣ್ಣನೂ ಮೂವತ್ತು ವರ್ಷ ಅಲ್ಲೇ ಪೈಪು ಬೆಸೆದು, ಆಮೇಲೆ ಈ ಶೆಡ್ಡು ಹಾಕಿಕೊಂಡವರು. "ನ್ಯೂ ಟೌನ್ ಕ್ವಾರ್ಟರ್ಸಲ್ಲಿ ಅರ್ಧಕ್ಕರ್ಧ ಗೇಟು ನಂದೇ ಬೆಸುಗೆ. ಗೋಡೆ ಬೀಳ್ಬೋದು, ಗೇಟ್ ಬೀಳಲ್ಲ," ಎನ್ನುತ್ತಿದ್ದರು. ನನ್ನ ಕಾರಿನ ಡಮ್ಮಿಯೊಳಗೆ ಬೆರಳು ತೂರಿಸಿದವರೇ ಶೆಡ್ಡಿನ ತಗಡು ಅದುರುವಂತೆ ನಕ್ಕು, ಎದುರಿನ ಟೀ ಅಂಗಡಿಯವರನ್ನೂ ಕೂಗಿ ಕರೆದರು.

"ಬನ್ನಿ, ಬನ್ನಿ, ಇಷ್ಟು ದೊಡ್ಡ ಗಾಡಿ, ಬಾಯಿ ನೋಡಿದ್ರೆ ಪೊಯ್! ಶುದ್ಧ ಸುಳ್ಳು! ಡಾಕ್ಟ್ರೇ, ಇದನ್ನ ನಾನು ಬಿಡಲ್ಲ."

ಕನ್ನಡಕ ಮಾರುವವನು ಡಾಕ್ಟರಲ್ಲ ಎಂದು ಎಷ್ಟು ಸಲ ಹೇಳಿದರೂ ಅವರು ಕೇಳಲಿಲ್ಲ. ಕಣ್ಣಿನ ಬಗ್ಗೆ ಮಾತಾಡುವವರೆಲ್ಲ ಅವರಿಗೆ ಡಾಕ್ಟ್ರೇ. ಆದರೆ ಆಪರೇಷನ್ ಮಾಡಿಸಿಕೊಳ್ಳಿ ಎಂದರೆ ಮಾತ್ರ ಮುಖ ತಿರುಗಿಸುತ್ತಿದ್ದರು. "ಹತ್ತಿರದ ಬೆಂಕಿ ಕಾಣ್ಸುತ್ತೆ, ಬೆಸುಗೆಗೆ ಅಷ್ಟು ಸಾಕು. ದೂರದ್ದು ನೋಡೋಕೆ ಊರಲ್ಲಿ ಜನ ಇಲ್ವಾ?"

ಇದು ಬಾಯಿಮಾತಲ್ಲ, ಅವರ ಕೆಲಸದ ಕ್ರಮವೇ ಹಾಗಿತ್ತು. ಮೊದಲು ಹಳೆಯ ಮದುವೆ ಪತ್ರಿಕೆಗಳ ದಪ್ಪ ಕಾಗದದಲ್ಲಿ ಆ ಬಾಯಿಗಳ ಅಚ್ಚು ಕತ್ತರಿಸಿ ಬಂಪರಿಗೆ ಅಂಟಿಸುತ್ತಿದ್ದರು. ಆಮೇಲೆ ದಾರಿಯಲ್ಲಿ ಹೋಗುವವರನ್ನು ಹಿಡಿದು ಇಪ್ಪತ್ತು ಹೆಜ್ಜೆ ದೂರ ನಿಲ್ಲಿಸಿ ಕೇಳುತ್ತಿದ್ದರು. "ಹತ್ತಿರದಿಂದ ನೋಡೋನು ಮೆಕ್ಯಾನಿಕ್ಕು. ಇಪ್ಪತ್ತು ಹೆಜ್ಜೆಯಿಂದ ನೋಡೋದೇ ಊರು." ತರಕಾರಿ ಗಾಡಿಯವನು, ಪೋಸ್ಟ್‌ಮನ್, ಮೇಷ್ಟ್ರು, ಯಾರಾದರೂ ಸರಿ. ನನ್ನ ಕಾರಿಗೆ ಅವರು ಮೊದಲು ಕತ್ತರಿಸಿದ ಅಚ್ಚು ನನಗೆ ಬಹಳ ಹಿಡಿಸಿತ್ತು, ಭರ್ಜರಿ ಅಗಲ. ಹೂವಿನ ಬುಟ್ಟಿ ಹೊತ್ತು ಬಂದ ಗೌರಮ್ಮ ನಿಂತು ನೋಡಿ, "ಇಷ್ಟು ದೊಡ್ಡದ್ಯಾಕೆ? ಸಣ್ಣ ಮುಖಕ್ಕೆ ಅಜ್ಜಿ ಮೂಗುಬಟ್ಟು ಹಾಕ್ದಂಗಿದೆ," ಎಂದರು. ನಾನು ಬೇಡ ಬೇಡ ಎನ್ನುತ್ತಿದ್ದರೂ ಸೆಲ್ವಣ್ಣ ಅಚ್ಚು ಕಿತ್ತು ಸಣ್ಣದು ಮಾಡಿದರು. ಗೌರಮ್ಮ ಹೇಳಿದ್ದೇ ಸರಿಯಾಗಿತ್ತು!

ಶಬ್ದ ಜೋರು ಮಾಡಿಕೊಡಿ ಎಂದು ಬರುವ ಹುಡುಗರನ್ನು ಅವರು ಹೊಸ್ತಿಲಲ್ಲೇ ಓಡಿಸುತ್ತಿದ್ದರು. "ಪಕ್ಕದ ಮನೇಲಿ ಬಾಣಂತಿ ಇದಾಳೆ. ಇಲ್ಲಿ ಅಂದ ಮಾತ್ರ, ಆರ್ಭಟ ಬೇರೆ ಕಡೆ." ನನ್ನ ಕಾರಿನಲ್ಲೂ ಕಂಪನಿಯ ಸೈಲೆನ್ಸರ್ ಡಬ್ಬಿಯನ್ನು ಮುಟ್ಟಲಿಲ್ಲ. ಅದರಿಂದ ಹೊರಟ ಪೈಪುಗಳ ತುದಿಗೆ ದಪ್ಪ ಸ್ಟೀಲಿನ ಬಾಯಿ ಬೆಸೆದು, ಡಮ್ಮಿ ಕಿತ್ತ ಜಾಗದಲ್ಲಿ ಹೊರಗೆ ತರುವುದೆಂದು ಲೆಕ್ಕ ಹಾಕಿದರು. ಶಾಖಕ್ಕೆ ಬಂಪರ್ ಕರಗದಿರಲೆಂದು ಸುತ್ತ ಒಂದು ಬೆರಳು ಜಾಗ ಬಿಟ್ಟರು. ಕಿತ್ತ ಡಮ್ಮಿಗಳನ್ನು ಶೆಡ್ಡಿನ ಗೋಡೆಯ ಮೊಳೆಗೆ ನೇತುಹಾಕಿ, ಬಂದವರಿಗೆಲ್ಲ "ಪೊಯ್" ಎಂದು ತೋರಿಸಿ ನಗುತ್ತಿದ್ದರು.

ಮೂರು ವಾರ ನಾನು ಅಂಗಡಿಯಲ್ಲಿದ್ದೂ ಇರಲಿಲ್ಲ. ಗಿರಾಕಿಯ ಮೂಗಿನ ಅಳತೆ ತೆಗೆಯುವಾಗಲೂ ಕಣ್ಣೆದುರು ಸ್ಟೀಲಿನ ಬಾಯಿ. ಮೇಲಾಗಿ ಆ ಮೂರನೇ ವಾರದ ಭಾನುವಾರ ತ್ಯಾವರೆಕೊಪ್ಪದ ರಸ್ತೆಯಲ್ಲಿ ನಮ್ಮ ಕಾರು ಹುಚ್ಚರ ಗುಂಪು ಸೇರುವುದಿತ್ತು. ಭಾವನೂ ಬರುವವನಿದ್ದ.

ಶನಿವಾರ ಮಧ್ಯಾಹ್ನ ಸೆಲ್ವಣ್ಣ ಎರಡೂ ಬಾಯಿಗಳನ್ನು ಸದ್ಯಕ್ಕೆ ಚುಕ್ಕಿ ಬೆಸುಗೆಯಲ್ಲಿ ಹಿಡಿಸಿ ನಿಲ್ಲಿಸಿದರು. ಪಾಲಿಶ್ ಮಾಡಿದ್ದ ಸ್ಟೀಲಿನಲ್ಲಿ ಬೀದಿಯ ಆಕಾಶವೇ ಇಳಿದುಬಂದಿತ್ತು. ಊಟದ ಹೊತ್ತು, ರಸ್ತೆಯಲ್ಲಿ ನರಪಿಳ್ಳೆಯೂ ಇರಲಿಲ್ಲ.

"ಡಾಕ್ಟ್ರೇ, ನೀವೇ ಹೋಗಿ ನೋಡಿ. ಲೆವೆಲ್ಲಾ?"

ಇಪ್ಪತ್ತು ಹೆಜ್ಜೆ ನಡೆದು ತಿರುಗಿದೆ. ಎಡಗಡೆಯದು ಒಂದು ನೂಲು ಕೆಳಗಿತ್ತು. ನೂಲೆಂದರೆ ಅವರ ಲೆಕ್ಕದಲ್ಲಿ ಅಂಗುಲದ ಎಂಟನೇ ಒಂದು ಪಾಲು. ಚಷ್ಮಾದ ಫ್ರೇಮಿನಲ್ಲಿ ಅದರ ಕಾಲುಭಾಗ ಓರೆಯಾದರೂ ಹಿಡಿಯುವ ಕಣ್ಣು ನನ್ನದು. ಹೇಳಿದರೆ ಅವರು ಎರಡನ್ನೂ ಇಳಿಸಿ, ಮತ್ತೆ ಅಚ್ಚಿನಿಂದ ಶುರುಮಾಡುವ ಆಸಾಮಿ ಎಂದು ಗೊತ್ತಿತ್ತು. ಹಾಗಾದರೆ ಭಾನುವಾರ ಕೈತಪ್ಪುತ್ತಿತ್ತು.

"ಪಕ್ಕಾ ಲೆವೆಲ್, ಸೆಲ್ವಣ್ಣ."

"ಕಣ್ಣಿನ ವ್ಯಾಪಾರದೋರು ಹೇಳಿದ್ಮೇಲೆ ಮುಗೀತು," ಎಂದು ಅವರು ಮುಖಕ್ಕೆ ಗುರಾಣಿ ಎಳೆದುಕೊಂಡು ಪೂರಾ ಬೆಸೆದೇಬಿಟ್ಟರು.

ಭಾನುವಾರ ನಾನು ರಾಜ! ಬಂದವರೆಲ್ಲ ಮಂಡಿಯೂರಿ ನೋಡಿದರು, ಫೋಟೊ ಹೊಡೆದರು. ಭಾವ ಕೈ ಹಾಕಲು ಹೋಗಿ ಬಿಸಿಗೆ ಚುರುಕ್ಕೆಂದು ಹಿಂದೆಗೆದಾಗ ನನಗಾದ ಸಂತೋಷ ಹೇಳತೀರದು. ಯಾರ ಕಣ್ಣಿಗೂ ಆ ನೂಲು ಬೀಳಲಿಲ್ಲ. ಮನೆಗೆ ಬಂದು ಫೋಟೊ ನೋಡುತ್ತಾ ಕೂತರೆ ನನಗೆ ಅದೊಂದೇ ಕಾಣುತ್ತಿತ್ತು. ನನ್ನ ಕಣ್ಣನ್ನು ನಂಬಿದ ಮನುಷ್ಯನಿಗೆ ಸುಳ್ಳು ಹೇಳಿದ್ದೆ. ನಾಚಿಕೆಯಾಯಿತು.

ನಿಜ ಒಪ್ಪಿಕೊಳ್ಳುವ ಧೈರ್ಯವಿಲ್ಲದೆ ಇನ್ನೊಂದು ದಾರಿ ಹಿಡಿದೆ. ಆಪರೇಷನ್ ಮಾಡಿಸಿಕೊಳ್ಳಿ ಎಂದು ಅವರ ಬೆನ್ನು ಬಿದ್ದೆ. "ನೀವೇ ಕೆಲಸ ಮಾಡಿದ ಗಾಡೀಲಿ ಕರ್ಕೊಂಡು ಹೋಗ್ತೀನಿ," ಎಂದಾಗ ಒಪ್ಪಿದರು. ಶಿವಮೊಗ್ಗದ ಆಸ್ಪತ್ರೆಗೆ ಹೊರಟ ದಿನ ಗಾಜಿಳಿಸಿ, ಓಲ್ಡ್ ಟೌನ್ ದಾಟುವವರೆಗೆ ಮದುಮಗನ ಹಾಗೆ ಕೈಬೀಸಿದರು. ಕಾಣುವವರಿಗೂ ಬೀಸಿದರು, ಕಾಣದವರಿಗೂ ಬೀಸಿದರು. ನನಗೆ ಒಳಗೊಳಗೇ ಪುಕಪುಕ. ಕಣ್ಣು ಬಂದರೆ ಮೊದಲು ನೋಡುವುದು ಏನನ್ನು ಎಂದು ಗೊತ್ತಿತ್ತಲ್ಲ.

ಎರಡೂ ಕಣ್ಣಿನ ಕೆಲಸ ಮುಗಿದು ಎರಡು ತಿಂಗಳಾದ ಮೇಲೆ ಫೋನ್ ಬಂತು. "ಡಾಕ್ಟ್ರೇ, ಗಾಡಿ ತನ್ನಿ. ನಾನು ಮಾಡಿದ ಮುಖ ನಾನೇ ನೋಡಿಲ್ಲ."

ಹೋದೆ. ಕಾರನ್ನು ಶೆಡ್ಡಿನ ಮುಂದೆ ನಿಲ್ಲಿಸಿದೆ. ಸೆಲ್ವಣ್ಣ ಯಾರನ್ನೂ ಕರೆಯದೆ ತಾವೇ ಇಪ್ಪತ್ತು ಹೆಜ್ಜೆ ಎಣಿಸಿಕೊಂಡು ನಡೆದು ತಿರುಗಿದರು. ಮುಖ ಅರಳಿತು. "ಅಯ್ಯೋ ಸಾಮಿ, ಏನ್ ಚೆಂದ ಇದೆ!" ಎಂದು ಕೈತಟ್ಟಿದರು. ಇನ್ನೊಂದು ಗಳಿಗೆ ನೋಡಿದರು. ತಟ್ಟಿದ ಕೈ ಹಾಗೇ ನಿಂತಿತು.

"ಎಡಗಡೆದು ಒಂದು ನೂಲು ಕೆಳಗಿದೆ."

"ಹೌದು."

"ಅವತ್ತೇ ಕಂಡಿತ್ತಾ?"

"ಕಂಡಿತ್ತು, ಸೆಲ್ವಣ್ಣ. ತಪ್ಪಾಯ್ತು."

ಬೈದರೆ ಹಗುರವಾಗುತ್ತಿತ್ತು. ಅವರು ಬೈಯಲಿಲ್ಲ. "ಒಂದು ದಿನ ತಡ ಆಗ್ತಿತ್ತು ಮಾರಾಯ, ಅಷ್ಟೇ ಅಲ್ವಾ," ಎಂದು ಒಳಗೆ ಹೋಗಿ ಗ್ರೈಂಡರ್ ತಂದರು. ಸಂಜೆಯೊಳಗೆ ಎಡಗಡೆಯದನ್ನು ಬಿಡಿಸಿ, ಎತ್ತಿ, ಚುಕ್ಕಿ ಹಾಕಿ ನಿಲ್ಲಿಸಿದರು. ನಾನು ಇಪ್ಪತ್ತು ಹೆಜ್ಜೆ ದೂರದಲ್ಲಿ ಸಿದ್ಧನಾಗಿ ನಿಂತಿದ್ದೆ. ಅವರು ನನ್ನ ಪಕ್ಕದಲ್ಲೇ ಹೋಗುತ್ತಿದ್ದ ಗೌರಮ್ಮನನ್ನು ಕರೆದು ಕೇಳಿದರು.

"ಅಮ್ಮಾ, ಲೆವೆಲ್ಲಾ?"

ಆ ದಿನ ಶಿವಮೊಗ್ಗದವರೆಗೆ ಹೇಗೆ ಓಡಿಸಿಕೊಂಡು ಬಂದೆನೋ. ಕಾರಿನ ಹಿಂಭಾಗ ಈಗ ತಕ್ಕಡಿಯಲ್ಲಿ ತೂಗಿದಷ್ಟು ಸರಿಯಿತ್ತು, ನಾನು ಒಮ್ಮೆಯೂ ಇಳಿದು ನೋಡಲಿಲ್ಲ.

ಕೊನೆಯ ಸಲ ಅವರ ಜೊತೆ ಮಾತಾಡಿದ್ದು ನನ್ನ ಅಂಗಡಿಯಲ್ಲಿ. ಹತ್ತಿರದ ಓದಿಗೆ ಕನ್ನಡಕ ಬೇಕೆಂದು ಹೇಳದೆ ಕೇಳದೆ ಬಸ್ಸಿನಲ್ಲಿ ಬಂದಿದ್ದರು. ಒಂದು ಕಪ್ಪು ಫ್ರೇಮು ಆರಿಸಿ ಹಾಕಿಕೊಂಡರು. ಕೌಂಟರಿನ ಮೇಲೆ ಕನ್ನಡಿ ಇತ್ತು, ಅದರ ಕಡೆ ನೋಡಲೇ ಇಲ್ಲ. ಬಾಗಿಲವರೆಗೆ ಹಿಂದಕ್ಕೆ ಹಿಂದಕ್ಕೆ ಸರಿದರು. ಅಂಗಡಿಯಲ್ಲಿ ಇಪ್ಪತ್ತು ಹೆಜ್ಜೆ ಜಾಗ ಎಲ್ಲಿ ಬರಬೇಕು? ಮೆಟ್ಟಿಲಿಳಿದು, ಬಜಾರಿನ ಜನರ ಮಧ್ಯೆ, ಎದುರಿನ ಬಟ್ಟೆ ಅಂಗಡಿಯ ಮುಂದೆ ಹೋಗಿ ನಿಂತು ಮುಖವೆತ್ತಿದರು.

"ಡಾಕ್ಟ್ರೇ, ಲೆವೆಲ್ಲಾ?"

ಕಣ್ಣು ಒರೆಸಿಕೊಂಡು ಸರಿಯಾಗಿ ನೋಡಿದೆ.

"ಎಡಗಡೆ ಚೂರು ಕೆಳಗಿದೆ, ಸೆಲ್ವಣ್ಣ! ತನ್ನಿ ಇಲ್ಲಿ, ಸರಿ ಮಾಡಿಕೊಡ್ತೀನಿ!"

ಗಾಂಧಿ ಬಜಾರೆಲ್ಲ ತಿರುಗಿ ನೋಡುವ ಹಾಗೆ ನಕ್ಕು ಅವರು ರಸ್ತೆ ದಾಟಿ ಬಂದರು. ಆರು ತಿಂಗಳ ನಂತರ ಒಂದು ಬೆಳಿಗ್ಗೆ ನಿದ್ದೆಯಲ್ಲೇ ಹೋದರಂತೆ. ನಾನು ಹೋಗಿ ನೋಡಿದಾಗ ತಲೆದಿಂಬಿನ ಪಕ್ಕ ಆ ಕನ್ನಡಕ ಮಡಿಸಿಟ್ಟಿತ್ತು.