ಅತಿಥಿ ಶಿಕ್ಷಕಿಯ ಬಾಣಂತನ ಮತ್ತು ಲಲಿತಾಬಾಯಿ ಟೀಚರ್

ಕಲಬುರಗಿ ಸೀಮೆಯ ಸರ್ಕಾರಿ ಶಾಲೆಗಳಲ್ಲಿ ಕನ್ನಡವನ್ನು ಮನಮುಟ್ಟುವಂತೆ ಕಲಿಸಿದವರು ಅನೇಕರಿದ್ದಾರೆ; ಕಲಿಸುವವರ ಹೊಟ್ಟೆಬಟ್ಟೆಯ ಚಿಂತೆಯನ್ನೂ ಪಾಠದಷ್ಟೇ ಶ್ರದ್ಧೆಯಿಂದ ಹೊತ್ತವರು ವಿರಳ. ಮೂವತ್ನಾಲ್ಕು ವರ್ಷಗಳ ಸೇವೆ ಮುಗಿಸಿ ಈಗ ನಿವೃತ್ತರಾಗಿರುವ ಶ್ರೀಮತಿ ಲಲಿತಾಬಾಯಿಯವರು ಅಂಥ ವಿರಳರಲ್ಲಿ ಒಬ್ಬರು. ಈ ಅಭಿನಂದನ ಸಂಪುಟಕ್ಕೆ ಒಪ್ಪಿಗೆ ಕೊಡುವಾಗ ಅವರು ಸಂಪಾದಕ ಸಮಿತಿಗೆ ಹಾಕಿದ ಷರತ್ತು ಒಂದೇ: "ಬರೀ ಹೊಗಳಬ್ಯಾಡ್ರಿ. ಸೂಗಮ್ಮನ ಸುದ್ದಿನೂ ಬರೀರಿ."

ಕುಸನೂರಿನ ಮನೆಯಿಂದ ಬಸ್ಸು ಹಿಡಿದು ಕಮಲಾಪುರದ ಶಾಲೆಗೆ ಬರುತ್ತಿದ್ದ ಅವರು ಹನ್ನೆರಡು ವರ್ಷಗಳ ಹಿಂದೆ ಅಲ್ಲಿ ಪ್ರಭಾರ ಮುಖ್ಯ ಗುರುಗಳಾಗಿದ್ದರು. ಆಗ ಅತಿಥಿ ಶಿಕ್ಷಕಿಯಾಗಿದ್ದ ಸೂಗಮ್ಮ ಹೆರಿಗೆಗೆ ಹೋದರು. ಗೌರವಧನಕ್ಕೆ ದುಡಿಯುವ ಅತಿಥಿ ಶಿಕ್ಷಕರಿಗೆ ಹೆರಿಗೆ ರಜೆ ಇಲ್ಲ. ಲಲಿತಾಬಾಯಿಯವರು ಪದ್ಧತಿಯಂತೆ ಆ ಜಾಗಕ್ಕೆ ಬೇರೊಬ್ಬರ ಹೆಸರನ್ನು ಇಲಾಖೆಗೆ ಕಳಿಸಿದರು. ಇಪ್ಪತ್ತೆರಡು ದಿನದ ಕೂಸನ್ನು ಎತ್ತಿಕೊಂಡು ಮರಳಿ ಬಂದ ಸೂಗಮ್ಮ ತಮ್ಮ ತರಗತಿಯಲ್ಲಿ ಬೇರೊಬ್ಬರು ಪಾಠ ಮಾಡುತ್ತಿದ್ದುದನ್ನು ಕಂಡು, "ಇರ್ಲಿ ಬಿಡ್ರಿ ಮೇಡಂ, ನೀವರ ಏನ್ ಮಾಡ್ತೀರಿ" ಎಂದಷ್ಟೇ ಹೇಳಿ ಹೊರಟುಹೋದರು. ಬೈದಿದ್ದರೆ ಮರೆತುಬಿಡಬಹುದಿತ್ತೇನೋ, ಆ ಸಮಾಧಾನದ ಮಾತು ಲಲಿತಾಬಾಯಿಯವರ ಎದೆಯಲ್ಲಿ ಮುಳ್ಳಾಗಿ ಉಳಿಯಿತು.

ನಿವೃತ್ತಿಗೆ ಎರಡು ವರ್ಷವಿರುವಾಗ, ಶಾಲೆಯ ಪ್ರಭಾರ ಇನ್ನೂ ಅವರಲ್ಲೇ ಇದ್ದಾಗ, ಗಣಿತದ ಅತಿಥಿ ಶಿಕ್ಷಕಿ ಅಂಬರೀನ್ ಅವರೆದುರು ಬಂದು ನಿಂತರು. ಏಳು ತಿಂಗಳ ಬಸುರಿ.

"ಕಡೀ ದಿನದ ತನಕ ಬರ್ತೀನ್ರಿ ಮೇಡಂ. ಹೆರಿಗಿ ಆಗಿ ಹದಿನೈದು ದಿನಕ್ಕ ಬಂದುಬಿಡ್ತೀನಿ. ನನ್ನ ಜಾಗಕ್ಕ ಬ್ಯಾರೆಯವ್ರನ್ನ ತಗೋಬ್ಯಾಡ್ರಿ."

"ಹದಿನೈದು ದಿನಕ್ಕ ಬಂದ್ರ ನಾನೇ ಗೇಟಿನಾಗ ನಿಲ್ಲಸ್ತೀನಿ," ಎಂದರು ಲಲಿತಾಬಾಯಿ. "ಮೂರು ತಿಂಗಳ ಆರಾಮ ಇದ್ದು ಬಾ. ನಿನ್ನ ಕ್ಲಾಸ್ ನಾವು ನೋಡ್ಕೋತೇವಿ."

ಸಹೋದ್ಯೋಗಿ ಅಮರನಾಥ ಅವರಿಗೆ ಇದು ಸರಿಕಾಣಲಿಲ್ಲ. "ಇವತ್ತ ನಾವು ಹೊತ್ರ ನಾಳಿ ಎಲ್ಲಾ ನಮ್ಮ ಮ್ಯಾಲೇ ಹೊರಸ್ತಾರ್ರಿ" ಎಂದರು. ಆ ಮಾತಿನಲ್ಲಿ ಸುಳ್ಳಿರಲಿಲ್ಲ. ಹಾಗಾಗಿ ಹೆಚ್ಚಿನ ಪೀರಿಯಡ್‌ಗಳನ್ನು ಲಲಿತಾಬಾಯಿಯವರೇ ತೆಗೆದುಕೊಂಡರು. ಕನ್ನಡದ ಟೀಚರ್ ಬಸ್ಸಿನಲ್ಲಿ ಭಿನ್ನರಾಶಿ ಕಲಿಯುತ್ತ ಬಂದರು. ಬೋರ್ಡಿನ ಮೇಲೆ ತಪ್ಪಿದಾಗ ಮಕ್ಕಳು ತಿದ್ದಿದರು, ಅವರು ನಕ್ಕು ಅಳಿಸಿ ಮತ್ತೆ ಬರೆದರು.

ಹಾಜರಿಯಲ್ಲಿ ಸುಳ್ಳು ಬರೆಯುವುದು ಸುಲಭವಿತ್ತು. ಅವರು ನಿಜವನ್ನೇ ಬರೆದು ಕಳಿಸಿದರು: ಅಂಬರೀನ್ ಬಾಣಂತಿ, ಪಾಠಗಳನ್ನು ನಾವು ಹಂಚಿಕೊಂಡಿದ್ದೇವೆ, ಬದಲಿ ಹೆಸರು ಕಳಿಸುವುದಿಲ್ಲ. ಕಲಬುರಗಿಯ ಇಲಾಖೆ ಕಚೇರಿಯಿಂದ ಕರೆ ಬಂತು.

"ನಿಮ್ಮ ಪಿಂಚಣಿ ಗಟ್ಟಿ ಅದ. ನಿಮಗ್ಯಾಕ್ರೀ ಈ ಉಸಾಬರಿ?" ಎಂದು ಅಧಿಕಾರಿಯೊಬ್ಬರು ಕೇಳಿದರು. "ಆ ಫೈಲು ನಮ್ಮ ಟೇಬಲ್ ಮ್ಯಾಲೇ ಬರ್ತದ, ನೆನಪಿರ್ಲಿ."

ಲಲಿತಾಬಾಯಿಯವರು ಹೇಳಿದರು: "ಬರ್ಲಿರಿ. ಆದ್ರ ಆ ಹುಡುಗಿ ಬಾಣಂತನ ಎಲ್ಲಿ ಬರೀಬೇಕು ಹೇಳ್ರಿ. ರಜಾದ ಕಾಲಂನಾಗ ಆಕಿ ಹೆಸರೇ ಇಲ್ಲ. ಪಾಠ ಮಾತ್ರ ನಮ್ಮಷ್ಟೇ ಮಾಡ್ತಾಳ."

ನೋಟಿಸ್ ಬಂತು, ಉತ್ತರ ಕೊಟ್ಟರು. ಅದೇ ತಿಂಗಳು ಅತಿಥಿ ಶಿಕ್ಷಕರು ಕಲಬುರಗಿಯಲ್ಲಿ ಸಂಬಳ, ರಜೆ, ಆರೋಗ್ಯ ವಿಮೆಗಾಗಿ ಧರಣಿ ಕೂತಾಗ, ಕಾಯಂ ಶಿಕ್ಷಕರ ಪೈಕಿ ಅವರ ಪಕ್ಕ ಕೂತವರು ಇಬ್ಬರೇ: ಲಲಿತಾಬಾಯಿ ಮತ್ತು ಉರ್ದು ಶಾಲೆಯ ಇಮಾಮುದ್ದೀನ್ ಮಾಸ್ತರರು. ಮೂರನೆಯ ದಿನ ಟಿಫಿನ್ ಡಬ್ಬಿ ಹಿಡಿದು ಅಮರನಾಥರೂ ಬಂದರು. "ಊಟ ಕೊಟ್ಟು ಹೋಗ್ತೀನ್ರಿ" ಎಂದವರು ಸಂಜೆಯವರೆಗೂ ಕೂತರು.

ಮೂರು ತಿಂಗಳ ನಂತರ ಅಂಬರೀನ್ ತಮ್ಮದೇ ತರಗತಿಗೆ ಮರಳಿದರು. ರಜೆಯ ಅವಧಿಯ ಗೌರವಧನ ಸಿಗಲಿಲ್ಲ; ಧರಣಿಯ ಬೇಡಿಕೆಗಳೂ ಈಡೇರಿಲ್ಲ. ಲಲಿತಾಬಾಯಿಯವರ ಪಿಂಚಣಿ ಕಡತ ನಾಲ್ಕು ತಿಂಗಳು ತಡವಾಯಿತು. "ನಾಲ್ಕೇ ತಿಂಗಳ ಅಲ್ರೀ," ಎನ್ನುತ್ತಾರೆ ಅವರು, "ಆ ಮಂದಿ ಎಷ್ಟು ವರ್ಷದಿಂದ ಕಾಯಾಕತ್ತಾರ!"

ಈಗ ಅವರ ಮನೆಯ ಪಡಸಾಲೆಯಲ್ಲಿ ಭಾನುವಾರಗಳಂದು ಅತಿಥಿ ಶಿಕ್ಷಕಿಯರು ಸೇರುತ್ತಾರೆ. ಲಲಿತಾಬಾಯಿಯವರು ಅರ್ಜಿಗಳನ್ನು ಬರೆಯಿಸುತ್ತಾರೆ, ಕಾಗುಣಿತ ತಿದ್ದುತ್ತಾರೆ, ಚಹಾ ಕೊಟ್ಟು ಕಳಿಸುತ್ತಾರೆ. ಅವರಿಗೆ ದೀರ್ಘಾಯುಷ್ಯವಿರಲಿ, ಅವರು ಬರೆಯಿಸುವ ಅರ್ಜಿಗಳು ಮಾತ್ರ ಬೇಗ ಈಡೇರಿ ಅಲ್ಪಾಯುಷಿಗಳಾಗಲಿ.